ದೀಪಸ್ತಂಭದ ಬಳೆ ಮತ್ತು ಹನ್ನೊಂದು ಮಿಲಿಮೀಟರ್

ಮೇ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಸಣ್ಣ ಎರಕದ ಕಾರ್ಖಾನೆ. ಹಾಜರಿದ್ದವರು ನಾಲ್ವರು: ಕಾರ್ಖಾನೆಯ ಮಾಲೀಕರು, ಮರಳಿನ ಅಚ್ಚು ಕಟ್ಟುವ ಮೋಲ್ಡರ್, ನಾನು, ಮತ್ತು ಬಾಗಿಲಿಗೆ ಅಡ್ಡವಾಗಿ ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತು ಏಳಲು ಒಪ್ಪದ ಒಬ್ಬರು.

ಪೆಟ್ಟಿಗೆಯ ಮೇಲಿದ್ದವರು ಕರಾವಳಿಯ ಕಡೆಯವರು. ದಡದಿಂದ ದೂರ, ಸಮುದ್ರದ ನಡುವೆ ಬರೀ ಬಂಡೆಯ ಒಂದು ದ್ವೀಪವಿದೆ. ಅಲ್ಲಿ ಹಳೆಯ ಕಾಲದ ಒಂದು ದೀಪಸ್ತಂಭವಿದೆ. ಇವರು ಇಪ್ಪತ್ತಾರು ವರ್ಷಗಳಿಂದ ಅದರ ದೀಪ ನೋಡಿಕೊಳ್ಳುತ್ತಿರುವವರು. ಇಲ್ಲಿ ಅವರನ್ನು ದೀಪದವರು ಎನ್ನುತ್ತೇನೆ. ಪೆಟ್ಟಿಗೆಯನ್ನು ಇಲಾಖೆಯವರು ಅವರ ಸಹಿ ಹಾಕಿಸಿಕೊಂಡು ಕೊಟ್ಟಿದ್ದರು. ಸಹಿ ಹಾಕಿದ ಸಾಮಾನಿನ ಮೇಲಿಂದ ಏಳುವುದಿಲ್ಲ ಎಂಬುದು ಅವರ ವಾದ. ಟೆಂಪೋ ಒಳಗೆ ಬರಬೇಕು, ಜಾಗ ಬಿಡಿ ಎಂದು ಮಾಲೀಕರು ಎರಡು ಸಲ ಹೇಳಿದರು. ಮೂರನೆಯ ಸಲಕ್ಕೆ ಪೆಟ್ಟಿಗೆಯನ್ನು ಅವರ ಸಮೇತ ಒಳಕ್ಕೆ ಎಳೆದೆವು.

ನಾನು ಪ್ಯಾಟರ್ನ್ ಮಾಡುವವನು. ಲೋಹದಲ್ಲಿ ಏನು ಎರೆಯಬೇಕೋ ಅದರ ರೂಪವನ್ನು ಮೊದಲು ಮರದಲ್ಲಿ ಮಾಡಿಕೊಡಬೇಕು. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಭದ್ರಾವತಿಯ ಉಕ್ಕಿನ ಎರಕದ ವಿಭಾಗದಲ್ಲಿ ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡವನು. ನಿವೃತ್ತಿಯಾದ ಮೇಲೂ ಜನ್ನಾಪುರದಿಂದ ಐದೂವರೆಯ ಬಸ್ಸು ಹಿಡಿದು ಈ ಕಾರ್ಖಾನೆಗೆ ಬರುತ್ತೇನೆ. ನನ್ನ ಹತಾರಗಳಿಗೆ ಕ್ಯಾನ್ವಾಸಿನ ಚೀಲವಿದೆ; ಪ್ರತಿಯೊಂದಕ್ಕೂ ಅದರದೇ ಮನೆ. ಸ್ಕೇಲುಗಳನ್ನು ಪ್ರತಿ ಶನಿವಾರ ಎಮರಿ ಕಾಗದದಲ್ಲಿ ತಿಕ್ಕಿ ಎಣ್ಣೆ ಸವರುತ್ತೇನೆ. ಅವು ಕನ್ನಡಿಯಂತೆ ಇವೆ.

ಕೆಲಸ ಏನೆಂದು ದೀಪದವರು ಹೇಳಿದರು. ದೀಪದ ಸುತ್ತ ಆಳೆತ್ತರದ ಗಾಜಿನ ಗೂಡು. ಅದು ತಿರುಗಿದರೆ ದೂರದವರಿಗೆ ಬೆಳಕು ಮಿಂಚುತ್ತದೆ. ಹದಿನೈದು ಸೆಕೆಂಡಿಗೊಂದು ಮಿಂಚು ಕಂಡರೆ ದೋಣಿಯವರು ಅದು ಈ ಬಂಡೆ ಎಂದು ತಿಳಿದು ದೂರ ಸರಿಯುತ್ತಾರೆ. ಗೂಡಿನ ತಳದಲ್ಲಿ ಉಕ್ಕಿನ ದುಂಡನೆಯ ಹಳಿ, ಅದರ ಮೇಲೆ ಓಡುವ ಹನ್ನೆರಡು ಪುಟ್ಟ ಗಾಲಿಗಳು, ಆ ಗಾಲಿಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಬೀಡುಕಬ್ಬಿಣದ ಬಳೆ. ಬಳೆ ಫೆಬ್ರವರಿಯಲ್ಲಿ ಮುರಿದು ಎರಡು ಹೋಳಾಯಿತು. ಅಂದಿನಿಂದ ಗಾಜು ನಿಂತಿದೆ. ಮಳೆಗಾಲಕ್ಕೆ ಮೊದಲು ದ್ವೀಪಕ್ಕೆ ಹೋಗುವ ಕೊನೆಯ ಬೋಟು ಮೂರನೆಯ ಮಂಗಳವಾರ. ಅಂದು ನಾಲ್ಕು ಗಂಟೆಯೊಳಗೆ ಗಾಜು ತಿರುಗಿದರೆ ಉಳಿಯುತ್ತದೆ. ತಿರುಗದಿದ್ದರೆ ಅದೇ ಬೋಟಿನಲ್ಲಿ ಬರುವ ಇಬ್ಬರು ಅದನ್ನು ಬಿಚ್ಚಿ ಪೆಟ್ಟಿಗೆಗಳಿಗೆ ತುಂಬಿ ಒಯ್ಯುತ್ತಾರೆ. ಅಲ್ಲಿ ಕಂಬದ ಮೇಲೊಂದು ಪುಟ್ಟ ದೀಪ ಬರುತ್ತದೆ. ಆದೇಶದ ಪ್ರತಿ ಅವರ ಜೇಬಿನಲ್ಲಿತ್ತು. ಓದಿ ಹೇಳಲಿಲ್ಲ, ನನ್ನ ಮುಂದೆ ಹಿಡಿದರು, ನಾನು ಓದಿದ ಮೇಲೆ ಮಡಿಸಿ ಇಟ್ಟುಕೊಂಡರು.

ಕೊರಳಿನಲ್ಲಿದ್ದ ಕೀಲಿಕೈಯಿಂದ ಬೀಗ ತೆಗೆದರು. ಎರಡು ಹೋಳುಗಳನ್ನು ಸಮತಟ್ಟಾದ ಮೇಜಿನ ಮೇಲೆ ಕೂಡಿಸಿಟ್ಟು, ಎದುರುಬದುರಿನ ಗಾಲಿ ತೂತುಗಳ ನಡುವಿನ ದೂರ ಅಳೆದೆ. ಐನೂರ ಅರವತ್ತು ಮಿಲಿಮೀಟರ್. ಬರೆದುಕೊಂಡೆ.

ದೀಪದವರು ತಮ್ಮ ಪುಸ್ತಕ ತೆಗೆದರು. "ನನ್ನಲ್ಲಿ ಐನೂರ ಎಪ್ಪತ್ತೊಂದು ಇದೆ," ಎಂದರು. ದ್ವೀಪದಲ್ಲಿ ಹಳಿಯ ನಡುಗೆರೆಯನ್ನು ಅಳೆದು ತಂದ ಲೆಕ್ಕ ಅದು.

"ಯಾವುದರಲ್ಲಿ ಅಳೆದಿರಿ?"

"ಟೇಪಿನಲ್ಲಿ. ಮೂರು ಕಡೆ."

"ಟೇಪು ದರ್ಜಿಗಳ ಸಾಮಾನು. ನೀವು ಹಳಿಯ ಹೊರ ಅಂಚು ಹಿಡಿದಿದ್ದೀರಿ."

"ಆ ಹಳಿಯನ್ನ ದಿನಾ ಬೆಳಿಗ್ಗೆ ಒರೆಸುವವ ನಾನು ಮಾರಾಯ್ರೆ. ಅಂಚು ಯಾವ್ದು, ನಡು ಯಾವ್ದು ಅಂತ ಭದ್ರಾವತಿಯವರು ಹೇಳಿಕೊಡ್ಬೇಕಾ?"

ಹಾಗಾದರೆ ಎರಕವನ್ನೂ ನೀವೇ ಹೊಯ್ದುಕೊಳ್ಳಿ ಎಂದು ನಾನು ಚೀಲ ಮಡಿಸಲು ಹೋದೆ. ಮಾಲೀಕರು ನಡುವೆ ಬಂದರು. ಮೇಸ್ತ್ರಿಗಳ ಅಳತೆ ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ ಎಂದು ದೀಪದವರಿಗೆ ಹೇಳಿದರು. ಅದು ನಿಜವಾಗಿತ್ತು. ದೀಪದವರು ತಮ್ಮ ಪುಸ್ತಕದಲ್ಲಿ ದಿನಾಂಕ ಹಾಕಿ, ನನ್ನ ಅಳತೆಯನ್ನೂ ತಮ್ಮದನ್ನೂ ಅಕ್ಕಪಕ್ಕ ಬರೆದು, ಕೆಳಗೆ ಗೆರೆ ಎಳೆದರು. ಆ ಗೆರೆ ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಹೋಳುಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿಸಿದೆ. ನಕ್ಷೆ ಬರೆದ ಮೇಲೆ ಮಾದರಿ ಕಣ್ಣೆದುರು ಇರಕೂಡದು. ಒಂದೇ ಮೇಜಿನ ಮೇಲೆ ಎರಡು ಅಳತೆ ಬೇಡ. ನಾನು ಕಲಿತ ಶಿಸ್ತು ಹಾಗೆ.

ಪ್ಯಾಟರ್ನಿಗೆ ನಾಲ್ಕು ದಿನ ಹಿಡಿಯಿತು. ತೇಗದ ತುಂಡುಗಳನ್ನು ಮೂರು ಪದರಗಳಾಗಿ, ಒಂದರ ಸಂದು ಇನ್ನೊಂದರ ಮೇಲೆ ಬಾರದಂತೆ ಅಂಟಿಸಿ, ಕಡೆದು, ಮರಳು ಕಾಗದ ಹಾಕಿ, ಮೇಣ ಸವರಿದೆ. ದೀಪದವರು ಆ ನಾಲ್ಕು ದಿನವೂ ಹಗಲೆಲ್ಲ ಪೆಟ್ಟಿಗೆಯ ಮೇಲೆಯೇ ಇದ್ದರು. ಬೆಳಿಗ್ಗೆ ನನಗಿಂತ ಹತ್ತು ನಿಮಿಷ ಮೊದಲು ಬರುತ್ತಿದ್ದರು. ನಾನು ಎರಡನೆಯ ದಿನ ಇನ್ನೂ ಹತ್ತು ನಿಮಿಷ ಮೊದಲು ಬಂದೆ. ಮೂರನೆಯ ದಿನ ಅವರು ಅದಕ್ಕೂ ಮೊದಲೇ ಇದ್ದರು. ಕಾವಲುಗಾರನ ನಿದ್ದೆ ಕೆಟ್ಟಿತು. ನಾಲ್ಕನೆಯ ದಿನ ಅವನು ನಮ್ಮಿಬ್ಬರ ಎದುರೇ ಗೇಟಿಗೆ ಬೀಗ ಹಾಕಿ, ಆರು ಗಂಟೆಗೆ ಮೊದಲು ತೆಗೆಯುವುದಿಲ್ಲ ಎಂದ.

ಮಧ್ಯಾಹ್ನದ ಊಟಕ್ಕೆ ಮೋಲ್ಡರ್ ತನ್ನ ಡಬ್ಬಿಯಿಂದ ಮುದ್ದೆ ಕೊಡಲು ಹೋದರೆ ದೀಪದವರು ಕೈ ಅಡ್ಡ ಮಾಡಿದರು. "ಬಿಡಿ ಸ್ವಾಮಿ," ಎಂದ ಮೋಲ್ಡರ್, "ಇವ್ರು ಬಂಡೆ ಮೇಲೆ ಇದ್ದು ಇದ್ದು ಬಂಡೆನೇ ತಿನ್ನೋದು ಕಲ್ತವ್ರೆ." ಮೋಲ್ಡರನ ಮನೆಮಾತು ತಮಿಳು. ಹುಟ್ಟಿದ್ದು, ಬೆಳೆದದ್ದು, ಜಗಳ ಕಲಿತದ್ದೆಲ್ಲ ಭದ್ರಾವತಿಯಲ್ಲೇ. ಅಂದಿನಿಂದ ಅವನಿಗೂ ದೀಪದವರಿಗೂ ಮಾತು ನಿಂತಿತು.

ಆ ಕಾರ್ಖಾನೆಯಲ್ಲಿ ಕುಲುಮೆ ಹೊತ್ತಿಸುವುದು ವಾರಕ್ಕೆರಡು ದಿನ, ಬುಧವಾರ ಮತ್ತು ಶನಿವಾರ. ಮೊದಲ ಶನಿವಾರ ಎರೆದ ಬಳೆ ಹೊರಬಂದಾಗ ಮೈತುಂಬ ಗಾಳಿಯ ತೂತುಗಳಿದ್ದವು. ಹಿಂದಿನ ಸಂಜೆ ಮಳೆ ಬಂದು ಮರಳು ಹಸಿಯಾಗಿತ್ತು. ಇನ್ನೊಂದು ತಾಸು ಒಣಗಿಸು ಎಂದು ನಾನು ಹೇಳಿದ್ದೆ, ಮೋಲ್ಡರ್ ಕೇಳಿರಲಿಲ್ಲ. ನಾನು ಅವನನ್ನು ಎಲ್ಲರೆದುರು ಬೈದೆ. ಹೇಳಿದ್ದನ್ನು ಕೇಳದವರು ಬೇರೆಯವರ ಕೆಲಸ ಹಾಳುಮಾಡುತ್ತಾರೆ ಎಂದೆ. ಅವನು ಸುತ್ತಿಗೆ ಎಸೆದು ಅರ್ಧ ದಿನ ಹೊರಗೆ ಕುಳಿತ. ದೀಪದವರು ತಮ್ಮ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆದರು.

ಬುಧವಾರದ ಎರಕ ಚೆನ್ನಾಗಿ ಬಂತು. ಗುರುವಾರ ಮರಳು ಬಿಡಿಸಿ, ಶುಕ್ರವಾರ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಲೇತ್ ಅಂಗಡಿಗೆ ಕಳಿಸಿದೆ. ಲೇತಿನವನು ನನ್ನ ನಕ್ಷೆಯಂತೆ ಬಳೆಯನ್ನು ಕಡೆದು, ತೂತು ಕೊರೆದ. ಹನ್ನೆರಡು ಗಾಲಿಗಳನ್ನು ಹಳೆಯ ಗಾಲಿ ನೋಡಿ ವರ್ನಿಯರಿನಲ್ಲಿ ಅಳೆದು ಗನ್‌ಮೆಟಲ್ ಎಂಬ ಕಂಚಿನಲ್ಲಿ ಮಾಡಿದ. ಶನಿವಾರ ಹನ್ನೊಂದು ಗಂಟೆಗೆ ಎಲ್ಲವೂ ವಾಪಸು ಬಂತು. ಲೇತಿನ ಕೆಲಸ ಅಷ್ಟು ನಯವಾಗಿತ್ತೆಂದರೆ ನಾನು ಬಳೆಯನ್ನು ಮೇಜಿನ ಮೇಲಿಟ್ಟು ಅಂಚಿನುದ್ದಕ್ಕೂ ಬೆರಳು ಆಡಿಸಿದೆ.

ದೀಪದವರು ಎದ್ದರು. ಹದಿಮೂರು ದಿನಗಳಲ್ಲಿ ಅವರಾಗಿ ಎದ್ದು ನನ್ನ ಮೇಜಿಗೆ ಬಂದದ್ದು ಅದೇ ಮೊದಲು. ಬೀಗ ತೆಗೆದು, ಹಳೆಯ ಬಳೆಯ ಒಂದು ಹೋಳನ್ನು ಎರಡೂ ಕೈಯಲ್ಲಿ ತಂದು, ಹೊಸ ಬಳೆಯ ಮೇಲೆ ಇಟ್ಟರು. ಮಾದರಿ ಹೊರಗೆ ತರಬಾರದು ಎಂದೆ. ಅವರು ಇನ್ನೊಂದು ಹೋಳನ್ನೂ ತಂದು ಅದರ ಎದುರಿಗಿಟ್ಟರು.

ಹಳೆಯದರ ಅಂಚು ಹೊಸದರ ಸುತ್ತಲೂ ಒಂದೇ ಸಮ ಹೊರಚಾಚಿತ್ತು. ಬೆರಳಿನ ಉಗುರಿನಷ್ಟು.

ಮೊದಲು ಲೇತಿನವನ ಮೇಲೆ ಅನುಮಾನ ಬಂತು. ನನ್ನ ಸ್ಕೇಲ್ ತೆಗೆದು ಹಳೆಯದನ್ನು ಅಳೆದೆ: ಐನೂರ ಅರವತ್ತು. ಹೊಸದನ್ನು ಅಳೆದೆ: ಐನೂರ ನಲವತ್ತೊಂಬತ್ತು. ಹನ್ನೊಂದು ಮಿಲಿಮೀಟರ್ ಕಡಿಮೆ. ಫೋನು ಮಾಡಿ ಲೇತಿನವನಿಗೆ ಎರಡು ಮಾತು ಅಂದುಬಿಟ್ಟೆ. ಅವನು ಶಾಂತವಾಗಿ, ನಾನು ಕಡೆದಿರೋದು ಸರಿಯಾಗಿ ಐನೂರ ಅರವತ್ತು, ನಿಮ್ಮ ಮೇಜಿನ ಮೇಲೆ ಇನ್ನೊಂದು ಸ್ಕೇಲ್ ಇದ್ದರೆ ಅದರಲ್ಲಿ ನೋಡಿ ಎಂದ.

ಚೀಲದಲ್ಲಿ ಇನ್ನೊಂದು ಸ್ಕೇಲ್ ಇತ್ತು. ಎರಡನ್ನೂ ಅಕ್ಕಪಕ್ಕ ಹಿಡಿದೆ. ಎಡತುದಿ ಕೂಡಿಸಿದರೆ, ಒಂದರ ಆರುನೂರರ ಗೆರೆ ಇನ್ನೊಂದರ ಆರುನೂರನ್ನು ದಾಟಿ ಹನ್ನೆರಡು ಮಿಲಿಮೀಟರ್ ಆಚೆ ನಿಂತಿತ್ತು.

ನಮ್ಮ ಕಸುಬಿನವರಲ್ಲದವರಿಗೆ ಇದನ್ನು ಹೇಳಬೇಕು. ಕರಗಿದ ಲೋಹ ತಣಿಯುವಾಗ ಕುಗ್ಗುತ್ತದೆ. ಅದಕ್ಕೆ ಪ್ಯಾಟರ್ನನ್ನು ಸ್ವಲ್ಪ ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು, ಪ್ರತಿ ಮಿಲಿಮೀಟರನ್ನೂ ಅಷ್ಟೇ ಹಿಗ್ಗಿಸಿ ಗೆರೆ ಹಾಕಿದ ಶ್ರಿಂಕೇಜ್ ಸ್ಕೇಲ್ ಎಂಬುದನ್ನು ಬಳಸುತ್ತೇವೆ. ಬೀಡುಕಬ್ಬಿಣಕ್ಕೊಂದು, ಉಕ್ಕಿಗೊಂದು. ನೋಡಲು ಸಾದಾ ಸ್ಕೇಲಿನಂತೆಯೇ ಇರುತ್ತದೆ, ಮೂಲೆಯಲ್ಲಿ ಶೇಕಡ ಇಷ್ಟು ಎಂದು ಕೊರೆದಿರುತ್ತಾರೆ. ನನ್ನ ಚೀಲದಲ್ಲಿ ಎಡಮನೆಯಲ್ಲಿ ಸಾದಾ ಸ್ಕೇಲ್, ಬಲಮನೆಯಲ್ಲಿ ಉಕ್ಕಿನದು, ಶೇಕಡ ಎರಡರದು. ನಾನು ಗುರುತು ನೋಡುತ್ತಿರಲಿಲ್ಲ, ಮನೆ ನೋಡುತ್ತಿದ್ದೆ. ಯುಗಾದಿಯ ಹೊತ್ತಿಗೆ ಹಳೆಯ ಚೀಲ ಹರಿದು, ಜನ್ನಾಪುರದ ದರ್ಜಿಯಿಂದ ಹೊಸದು ಹೊಲಿಸಿದ್ದೆ. ಅವನು ಮುಚ್ಚಳವನ್ನು ಇನ್ನೊಂದು ಕಡೆಗೆ ಹಾಕಿದ್ದ. ಚೀಲ ತಲೆಕೆಳಗಾಗಿ ಬಿಚ್ಚಿಕೊಳ್ಳುತ್ತಿತ್ತು, ಎಡ ಬಲವಾಗಿತ್ತು. ಸ್ಕೇಲಿನ ಮೂಲೆಯ ಗುರುತಾದರೂ ಹೇಳಬಹುದಿತ್ತು. ಅದನ್ನು ನಾನು ವರ್ಷಗಟ್ಟಲೆ ಶನಿವಾರ ಶನಿವಾರ ಎಮರಿ ಕಾಗದದಲ್ಲಿ ತಿಕ್ಕಿ ಅಳಿಸಿದ್ದೆ. ಹಿಗ್ಗಿದ ಸ್ಕೇಲಿನಲ್ಲಿ ಅಳೆದರೆ ವಸ್ತು ಚಿಕ್ಕದಾಗಿ ಕಾಣುತ್ತದೆ. ಹಳೆಯ ಬಳೆ ಮೊದಲಿನಿಂದಲೂ ಐನೂರ ಎಪ್ಪತ್ತೊಂದೇ.

ದೀಪದವರ ಟೇಪು ಸರಿಯಾಗಿತ್ತು. ದರ್ಜಿಯನ್ನು ನೆನೆದೆ, ಅವನನ್ನು ಬೈಯಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಮಾಲೀಕರು ಬಂದರು. ಬಳೆಗಳನ್ನು ನೋಡಿದರು, ನನ್ನನ್ನು ನೋಡಿದರು, ನನ್ನನ್ನು ಪಕ್ಕಕ್ಕೆ ಕರೆದರು. ಗಾಲಿಗಳು ಹಳಿಯ ನಡುವಿನ ಬದಲು ಒಳ ಅಂಚಿನ ಮೇಲೆ ಓಡುತ್ತವೆ, ಅಷ್ಟೇ ತಾನೆ ಎಂದರು. ಇವತ್ತಿನ ಕುಲುಮೆ ಪೂರ್ತಿ ಪಂಪಿನ ಕವಚಗಳಿಗೆ ಮೀಸಲು, ಸಂಜೆಗೆ ಲಾರಿ ಬರುತ್ತದೆ ಎಂದರು. "ತಿರುಗುತ್ತೆ ತಾನೆ ಮೇಸ್ತ್ರಿಗಳೇ? ಒಂದು ತಿಂಗಳು ತಿರುಗಲಿ. ಆಮೇಲೆ ಮಳೆ. ಮಳೇಲಿ ಅಲ್ಲಿಗೆ ಹೋಗಿ ನೋಡೋರು ಯಾರು?"

ದೀಪದವರಿಗೆ ಅದು ಕೇಳಿಸಿತ್ತು. ಅವರು ಪುಸ್ತಕ ತೆಗೆಯಲಿಲ್ಲ.

ನಾನು ಮಾಲೀಕರ ಮಾತಿಗೆ ಒಂದು ಗಳಿಗೆ ಮನಸ್ಸು ಕೊಟ್ಟೆ ಎಂಬುದನ್ನು ಬರೆಯಲೇಬೇಕು. ಅಂಚಿನ ಮೇಲೆ ಓಡಿದರೂ ಮಂಗಳವಾರ ನಾಲ್ಕು ಗಂಟೆಗೆ ಗಾಜು ತಿರುಗುತ್ತಿತ್ತು. ಇಬ್ಬರು ಬರಿಗೈಯಲ್ಲಿ ಹೋಗುತ್ತಿದ್ದರು. ನನ್ನ ತಪ್ಪು ನಾಲ್ಕು ಗೋಡೆಯೊಳಗೆ ಉಳಿಯುತ್ತಿತ್ತು. ಗಾಲಿ ಅಂಚಿನಿಂದ ಜಾರುವುದು ಮಳೆಗಾಲದ ಯಾವುದೋ ಒಂದು ದಿನ. ಗಾಜು ವಾಲಿ ಬೀಳುವಾಗ ಅಲ್ಲಿ ಇರುವವರು ದೀಪದವರು, ನಾನಲ್ಲ.

ಮೋಲ್ಡರನ ಕೈಯಿಂದ ಹತ್ತು ಪೌಂಡಿನ ಸುತ್ತಿಗೆ ತೆಗೆದುಕೊಂಡೆ. ಹೊಸ ಬಳೆಯನ್ನು ನೆಲಕ್ಕೆ ಹಾಕಿ, ಕೆಳಗೊಂದು ಕಂಬಿ ಕೊಟ್ಟು, ಹೊಡೆದೆ. ಮೊದಲ ಏಟಿಗೆ ಬಿರುಕು ಬಿತ್ತು. ಎರಡನೆಯದಕ್ಕೆ ಮುರಿಯಿತು. ಬೀಡು ಮುರಿದರೆ ಮತ್ತೆ ಕೂಡುವುದಿಲ್ಲ. ಇನ್ನು ಅದನ್ನು ಕಳಿಸಿ ಎಂದು ಯಾರೂ ಹೇಳುವಂತಿರಲಿಲ್ಲ, ನಾನೂ ಹೇಳುವಂತಿರಲಿಲ್ಲ.

"ಅಳತೆ ತಪ್ಪಿದ್ದು ನಾನು," ಎಂದೆ. "ಲೇತಿನವನಲ್ಲ, ಇವರಲ್ಲ. ಇವರ ಲೆಕ್ಕ ಸರಿ ಇತ್ತು."

ಮಾಲೀಕರು ನಿಮಗೆ ತಲೆ ಕೆಟ್ಟಿದೆ ಎಂದರು. ಕುಲುಮೆ ಕೊಡುವುದಿಲ್ಲ ಎಂದರು. ಹಾಗಾದರೆ ಸೋಮವಾರದಿಂದ ನಾನು ಬರುವುದಿಲ್ಲ ಎಂದೆ. ಬರಬೇಡಿ ಎಂದರು. ಬಾಯಿ ಹಾಕಿದ್ದು ಮೋಲ್ಡರ್. ಪಂಪಿನ ಕವಚಕ್ಕೆ ಕಬ್ಬಿಣ ಹೊಯ್ದ ಮೇಲೆ ತಳದಲ್ಲಿ ಯಾವಾಗಲೂ ಒಂದು ಬಕೆಟ್ ಉಳಿಯುತ್ತದೆ, ಅದನ್ನು ನೆಲಕ್ಕೆ ಚೆಲ್ಲುತ್ತೇವೆ, ಚೆಲ್ಲುವ ಬದಲು ಬಳೆಗೆ ಹೊಯ್ಯೋಣ ಎಂದ. ಚೆಲ್ಲೋದನ್ನ ಎಲ್ಲಿಗಾದರೂ ಹೊಯ್ದುಕೊಳ್ಳಿ ಎಂದು ಮಾಲೀಕರು ಹೊರಗೆ ಹೋದರು. ಮೋಲ್ಡರ್ ನನ್ನ ಕಡೆ ತಿರುಗಿ ಸೇರಿಸಿದ: "ನಾಕು ಗಂಟೆಗೆ ಹೊಯ್ತೀವಿ ಮೇಸ್ತ್ರಿ. ಎರಡೂವರೆಗೆ ಪ್ಯಾಟರ್ನ್ ಕೈಗೆ ಬರ್ಬೇಕು. ಮರಳು ಈ ಸಲ ಒಣಗೇ ಇರುತ್ತೆ. ಹೇಳಿದ್ದು ಕೇಳ್ದಿರೋರ ಮಾತು ನಂಬ್ತೀರೋ ಇಲ್ವೋ ನೋಡಿ."

ಗಂಟೆ ಹನ್ನೆರಡಾಗಲು ಐದು ನಿಮಿಷವಿತ್ತು. ಹೊಸ ಪ್ಯಾಟರ್ನಿಗೆ ನಾಲ್ಕು ದಿನ ಬೇಕು. ಇದ್ದದ್ದನ್ನೇ ಹಿಗ್ಗಿಸಬೇಕಾಗಿತ್ತು. ಮರದ ಬಳೆಯನ್ನು ನಾಲ್ಕು ಕಡೆ ಗರಗಸದಲ್ಲಿ ಕೊಯ್ದು, ಪ್ರತಿ ಸಂದಿನಲ್ಲಿ ಒಂದು ತುಂಡು ತೇಗ ಸೇರಿಸುವುದೆಂದು ನಿಶ್ಚಯಿಸಿದೆ. ಗರಗಸ ತಿಂದದ್ದನ್ನೂ ಲೆಕ್ಕ ಹಿಡಿದರೆ ತುಂಡಿನ ದಪ್ಪ ಹತ್ತೂವರೆ ಮಿಲಿಮೀಟರ್. ಹೀಗೆ ಮಾಡಿದರೆ ಬಳೆ ಪೂರ್ತಿ ದುಂಡಾಗುವುದಿಲ್ಲ, ಒಂದೆರಡು ಮಿಲಿಮೀಟರ್ ಸೊಟ್ಟ ಇರುತ್ತದೆ. ಲೇತಿನಲ್ಲಿ ಕಡೆಯಲೆಂದು ಬಿಟ್ಟ ಹೆಚ್ಚಿನ ಮೈ ಅದನ್ನು ನುಂಗುತ್ತದೆ.

ದೀಪದವರು ಮೇಜಿನ ಎದುರು ಬಂದು ನಿಂತು ಕೈ ಚಾಚಿದರು. ಟೇಪು ಹಿಡಿದಿದ್ದರು. ಪ್ರತಿ ತುಂಡನ್ನೂ ನಾನು ಸಾದಾ ಸ್ಕೇಲಿನಲ್ಲಿ ಅಳೆದು ಹೇಳಿದೆ, ಅವರು ಟೇಪಿನಲ್ಲಿ ಅಳೆದು ಹೇಳಿದರು. ಎರಡೂ ಒಂದಾದರೆ ಮಾತ್ರ ಅಂಟು. ಒಂದು ತುಂಡಿಗೆ ಅವರ ಮಾತು ಅರ್ಧ ಮಿಲಿಮೀಟರ್ ಬೇರೆ ಬಂತು. ಜಗಳವಾಡಿದೆವು. ಆ ತುಂಡನ್ನು ಬಿಸಾಡಿ ಬೇರೆ ಕೊಯ್ದೆ. ಅಂಟು ಪೂರ್ತಿ ಒಣಗಲು ಹೊತ್ತಿರಲಿಲ್ಲವಾದ್ದರಿಂದ ಸಂದುಗಳಿಗೆ ಹಿತ್ತಾಳೆಯ ಪಟ್ಟಿ ಕೊಟ್ಟು ಸ್ಕ್ರೂ ಹಾಕಿದೆ. ಎರಡು ಗಂಟೆ ನಲವತ್ತು ನಿಮಿಷಕ್ಕೆ ಮೋಲ್ಡರನ ಕೈಗಿಟ್ಟೆ. ಹತ್ತು ನಿಮಿಷ ತಡವಾಗಿದೆ ಎಂದು ಅವನು ಗಡಿಯಾರ ತೋರಿಸಿದ.

ಎರಕ ಸಂಜೆ ಐದಕ್ಕೆ ಮುಗಿಯಿತು. ದೀಪದವರು ಆಗಲೇ ಮರಳು ಬಿಡಿಸಿ ಎಂದರು. ಬೀಡು ಮರಳಿನಲ್ಲೇ ತಣಿಯಬೇಕು, ಬಿಸಿಯಲ್ಲಿ ಗಾಳಿಗೆ ಒಡ್ಡಿದರೆ ಸೀಳುತ್ತದೆ ಎಂದೆ. ಮತ್ತೆ ನಿಮ್ಮ ನಿಯಮವಾ ಎಂದರು. ಹೌದು ಎಂದೆ. ಈ ನಿಯಮ ಸರಿಯಾದದ್ದು.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಿಡಿಸಿದೆವು. ಒಂದು ತೂತೂ ಇರಲಿಲ್ಲ. ಬಳೆಯನ್ನು ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು ನಾನೂ ದೀಪದವರೂ ಶಿವಮೊಗ್ಗದಲ್ಲಿ ಲೇತಿನವನ ಮನೆಗೆ ಹೋದೆವು. ರಜೆಯ ದಿನ ಯಾರ ಮನೆಯ ಬಾಗಿಲನ್ನೂ ನಾನು ತಟ್ಟಿದವನಲ್ಲ. ಅವನು ಬನಿಯನ್ನಿನಲ್ಲಿ ಬಂದು, ಫೋನಿನಲ್ಲಿ ಬೈದ ಮೇಸ್ತ್ರಿ ಬಾಗಿಲಿಗೂ ಬಂದಿದ್ದಾರೆ ಎಂದು ಹೆಂಡತಿಗೆ ಕೇಳಿಸುವಂತೆ ಹೇಳಿದ. ನಾನು ಬೈದದ್ದು ತಪ್ಪು ಎಂದೆ. ಅವನು ಅಂಗಿ ಹಾಕಿಕೊಂಡು ಬಂದ. ಸಂಜೆಯ ಹೊತ್ತಿಗೆ ಬಳೆ ಐನೂರ ಎಪ್ಪತ್ತೊಂದಕ್ಕೆ ನಿಂತಿತು. ಸೋಮವಾರ ಘಟ್ಟ ಇಳಿದೆವು.

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ. ಬೋಟಿನಲ್ಲಿ ಬೋಟಿನವನು, ದೀಪದವರು, ನಾನು, ಮತ್ತು ಎದುರಿನ ಹಲಗೆಯ ಮೇಲೆ ಅವರಿಬ್ಬರು. ಅವರ ಕಾಲಬಳಿ ಆರು ಖಾಲಿ ಪೆಟ್ಟಿಗೆಗಳು, ಒಳಗೆ ಹುಲ್ಲು ತುಂಬಿಸಿದ್ದು. ಇಬ್ಬರಲ್ಲಿ ಹಿರಿಯನಂತಿದ್ದವನು ನಮ್ಮ ಗೋಣಿಯ ಗಂಟು ನೋಡಿ, ಸುಮ್ಮನೆ ಇದನ್ನ ಯಾಕೆ ಹೊತ್ತು ತಂದಿರಿ ಎಂದ. ದೀಪದವರು ಗಂಟನ್ನು ತಮ್ಮ ಕಾಲಬಳಿಗೆ ಎಳೆದುಕೊಂಡರು. ಸಮುದ್ರ ಆಗಲೇ ಏರತೊಡಗಿತ್ತು. ನನಗೆ ಮೂರು ಸಲ ವಾಂತಿಯಾಯಿತು.

ದ್ವೀಪದಲ್ಲಿ ಬೋಟು ನಿಲ್ಲುವ ಜಾಗವಿಲ್ಲ. ಅಲೆ ಬೋಟನ್ನು ಮೇಲೆತ್ತಿದಾಗ ಬಂಡೆಗೆ ಹೂಡಿದ ಕಬ್ಬಿಣದ ಸರಪಳಿ ಹಿಡಿದು ಜಿಗಿಯಬೇಕು. ಮೊದಲ ಎರಡು ಅಲೆಗೆ ನಾನು ಜಿಗಿಯಲಿಲ್ಲ. ಮೂರನೆಯದಕ್ಕೆ ದೀಪದವರು ನನ್ನ ಅಂಗಿಯ ಕೊರಳು ಹಿಡಿದು ಎಳೆದರು. ಮೊಣಕಾಲು ತರಚಿತು. ಬಂಡೆಯ ಮೇಲೆ ಹುಲ್ಲಿಲ್ಲ, ನೆರಳಿಲ್ಲ, ಎಲ್ಲಿ ಕೈಯಿಟ್ಟರೂ ಚಿಪ್ಪು ಕುಯ್ಯುತ್ತದೆ. ಬಳೆಯನ್ನು ಹಗ್ಗದಲ್ಲಿ ಮೇಲೆಳೆದೆವು. ಸ್ತಂಭದೊಳಗೆ ನೂರಕ್ಕೂ ಮೀರಿದ ಮೆಟ್ಟಿಲು. ಲೆಕ್ಕವಿಟ್ಟೆ, ನಡುವೆ ತಪ್ಪಿತು.

ಮೇಲಿನ ಕೋಣೆಯಲ್ಲಿ ಗಾಜಿಗೆ ಬಿಳಿ ಪರದೆ ಕಟ್ಟಿತ್ತು. ಹಗಲಿನ ಬಿಸಿಲು ಆ ಗಾಜಿನ ಮೂಲಕ ಒಂದೆಡೆ ಕೂಡಿದರೆ ಬೆಂಕಿ ಏಳುತ್ತದಂತೆ. ಇಡೀ ಗೂಡನ್ನು ನಾಲ್ಕು ಸ್ಕ್ರೂ ಜಾಕುಗಳ ಮೇಲೆ ಎತ್ತಿ ನಿಲ್ಲಿಸಿದ್ದರು, ಅದರ ತಳದ ನಡುವೆ ಇರುವ ತಿರುಗುವ ಗೂಟ ಹಳಿಯ ಮಟ್ಟಕ್ಕಿಂತ ಮೇಲೆ ಬರುವಷ್ಟು. ಹಾಗಾಗಿ ಬಳೆಯನ್ನು ಪಕ್ಕದಿಂದ ತೂರಿಸಲು ಸಾಧ್ಯವಿತ್ತು. ದೀಪದವರು ಹಳಿ ಒರೆಸಿ ನನಗೆ ಜಾಗ ಬಿಟ್ಟರು. "ಅಳೆಯಿರಿ," ಎಂದರು. ಸಾದಾ ಸ್ಕೇಲಿನಲ್ಲಿ ಮೂರು ಕಡೆ ಅಳೆದೆ. ಐನೂರ ಎಪ್ಪತ್ತೊಂದು.

ಬಳೆ ತೂರಿಸಿ, ಗಾಲಿಗಳನ್ನು ಹಾಕಿ, ಗ್ರೀಸು ತುಂಬುವಾಗ ಮಧ್ಯಾಹ್ನ ಎರಡಾಯಿತು. ಗೂಡನ್ನು ಇಳಿಸಲು ನಾಲ್ಕು ಜಾಕಿಗೆ ನಾಲ್ವರು ಬೇಕು. ದ್ವೀಪದಲ್ಲೇ ಉಳಿದಿದ್ದ ದೀಪದವರ ಜೊತೆಗಾರ ಕೆಳಗೆ, ಯಂತ್ರವನ್ನು ಎಳೆಯುವ ಭಾರದ ಗುಂಡಿನ ಬಳಿ ಇರಲೇಬೇಕಾಗಿತ್ತು. ಉಳಿದದ್ದು ಹುಲ್ಲಿನ ಪೆಟ್ಟಿಗೆಯ ಇಬ್ಬರು. ನಮ್ಮ ಕೆಲಸ ಬಿಚ್ಚೋದು, ಕಟ್ಟೋದಲ್ಲ ಎಂದು ಅವರು ಕಿಟಕಿಯ ಹತ್ತಿರವೇ ನಿಂತರು.

"ಬಿಚ್ಚೋದಕ್ಕೂ ಮೊದಲು ಇದು ತಳದ ಮೇಲೆ ಕೂರ್ಬೇಕಲ್ಲ," ಎಂದರು ದೀಪದವರು. "ಜಾಕಿನ ಮೇಲೇ ಬಿಚ್ಚಿದ್ರೆ ಅರ್ಧ ಗಾಜು ನಿಮ್ಮ ತಲೆ ಮೇಲೆ. ಬನ್ನಿ, ನಿಮ್ಮ ಕೆಲಸವೇ ಮಾಡಿ."

ಅವರು ಬಂದರು. ಒಬ್ಬೊಬ್ಬರು ಒಂದೊಂದು ಜಾಕು. ನಾನು ಎಣಿಸಿದೆ, ಪ್ರತಿ ಎಣಿಕೆಗೆ ಕಾಲು ಸುತ್ತು. ಇನ್ನೂರ ಎಂಟನೆಯ ಎಣಿಕೆಗೆ ಗೂಟ ತನ್ನ ಗುಳಿಗೆ ಕೂತಿತು. ಇನ್ನೂರ ಹದಿನೈದಕ್ಕೆ ಗಾಲಿಗಳ ಮೇಲೆ ಭಾರ ಬಿತ್ತು. ಬಾಗಿ ನೋಡಿದೆ. ಹನ್ನೆರಡೂ ಹಳಿಯ ನಡುವಿನಲ್ಲಿದ್ದವು.

ಮೂರೂಕಾಲಿಗೆ ಯಂತ್ರ ಬಿಟ್ಟರು. ಗೂಡು ನಡುಗಿತು, ತಿರುಗಿತು. ದೀಪದವರು ಕೈಗಡಿಯಾರ ಹಿಡಿದಿದ್ದರು. ಮೂವತ್ತು ಸೆಕೆಂಡಿಗೆ ಒಂದು ಸುತ್ತು ಬರಬೇಕು, ಆಗ ಎದುರುಬದುರಿನ ಎರಡು ಗಾಜಿನಿಂದ ಹದಿನೈದಕ್ಕೊಂದು ಮಿಂಚು. ಬಂದದ್ದು ಮೂವತ್ತೇಳು. ಇದು ಬೇರೆ ದೀಪ, ನಮ್ಮದಲ್ಲ ಎಂದು ಅವರು ಯಂತ್ರ ನಿಲ್ಲಿಸಿಬಿಟ್ಟರು. ಪೆಟ್ಟಿಗೆಯವರಲ್ಲಿ ಕಿರಿಯವನು ತನ್ನ ಸ್ಪ್ಯಾನರುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸತೊಡಗಿದ.

ಬಳೆಯಲ್ಲಿ ದೋಷವಿರಲಿಲ್ಲ. ನಾನು ಭದ್ರಾವತಿಯಿಂದ ತಂದ ಗ್ರೀಸು ಕುಲುಮೆಯ ಬಿಸಿಗೆಂದು ಮಾಡಿದ್ದು, ದಪ್ಪ. ಒಂದೊಂದೇ ಗಾಲಿಯ ಗ್ರೀಸನ್ನು ಕಡ್ಡಿಯಿಂದ ತೆಗೆದು, ಸೀಮೆಎಣ್ಣೆಯಲ್ಲಿ ಒರೆಸಿ, ದೀಪದವರ ತೆಳು ಎಣ್ಣೆ ಬಿಟ್ಟೆ. ಹನ್ನೆರಡು ಗಾಲಿಗೆ ಮೂವತ್ತು ನಿಮಿಷ. ಈ ಸಲ ನಾನು ಏನನ್ನೂ ವಾದಿಸಲಿಲ್ಲ.

ಮೂರು ಗಂಟೆ ಐವತ್ತೆರಡು. ಮೊದಲ ಸುತ್ತು ಮೂವತ್ತೊಂದು. ಎರಡನೆಯದು ಮೂವತ್ತು. ಮೂರನೆಯದು ಮೂವತ್ತು. ದೀಪದವರು ಹತ್ತು ಸುತ್ತು ನೋಡಿದರು. ಆಮೇಲೆ ಆದೇಶದ ಪ್ರತಿಯನ್ನು ಜೇಬಿನಿಂದ ತೆಗೆದು ಹಿರಿಯವನ ಮುಂದೆ ಹಿಡಿದು, ನಾಲ್ಕು ಗಂಟೆ ಎಂಬ ಸಾಲಿನ ಮೇಲೆ ಬೆರಳಿಟ್ಟರು. ಅವನು ಓದಿದ, ತನ್ನ ಗಡಿಯಾರ ನೋಡಿದ, ಕಿರಿಯವನಿಗೆ ಸಾಮಾನು ಕಟ್ಟು ಎಂದ.

ಇಳಿಯುವ ಮೊದಲು ದೀಪದವರು ತಮ್ಮ ಹತಾರದ ಪೆಟ್ಟಿಗೆಯಿಂದ ಲೋಹದ ಮೇಲೆ ಅಂಕಿ ಒತ್ತುವ ಪಂಚ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ಎಂಬ ಅಂಕಿ. ನಾನು ಹಿಗ್ಗಿದ ಸ್ಕೇಲನ್ನು ತೆಗೆದೆ. ಅವರು ಹಿಡಿದರು, ನಾನು ಹೊಡೆದೆ. ಗುರುತು ಆಳವಾಗಿ ಕೂತಿತು, ಎಮರಿ ಕಾಗದಕ್ಕೆ ಹೋಗದಷ್ಟು.

"ಕತ್ತಲಾದ ಮೇಲೆ ದಡದಿಂದ ಎಣಿಸಿ," ಎಂದರು. "ನಾನೊಬ್ಬ ಎಣಿಸಿದ್ರೆ ಸಾಲ್ದು."

ಐದಕ್ಕೆ ಬೋಟು ಹೊರಟಿತು. ಖಾಲಿ ಪೆಟ್ಟಿಗೆಗಳು ಅಲೆಗೆ ಒಂದಕ್ಕೊಂದು ಬಡಿಯುತ್ತಿದ್ದವು. ಏಳು ಗಂಟೆಗೆ ದಡದ ಕಲ್ಲುಕಟ್ಟೆಯ ಮೇಲೆ ಪುಸ್ತಕ, ಪೆನ್ನು, ಗಡಿಯಾರ ಇಟ್ಟುಕೊಂಡು ಕುಳಿತೆ. ಏಳು ಗಂಟೆ ಎಂಟು ನಿಮಿಷಕ್ಕೆ ಮೊದಲ ಮಿಂಚು ಬಂತು. ಇಪ್ಪತ್ತು ಮಿಂಚು ಎಣಿಸಿ, ಒಂದೊಂದರ ಅಂತರವನ್ನೂ ಬರೆದು, ಫೋನು ಮಾಡಿದೆ.

"ಹದಿನೈದು," ಎಂದೆ.

ಆ ಕಡೆ ಗಾಳಿಯ ಸದ್ದಿನ ನಡುವೆ ಹಾಳೆ ಮಗುಚಿದ್ದು ಕೇಳಿಸಿತು. ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರೆಂದು ಕಾಣುತ್ತದೆ.

"ನನ್ನದೂ ಅಷ್ಟೇ," ಎಂದು ಫೋನು ಇಟ್ಟರು.

ಅಂಕಿಗಳ ಕೆಳಗೆ ಗೆರೆ ಎಳೆದೆ. ಸ್ಕೇಲುಗಳನ್ನು ಗುರುತು ನೋಡಿ ಚೀಲಕ್ಕೆ ಹಾಕಿದೆ.